ಸೂಜಿಮಲ್ಲಿಗೆ ಖಣದ ಅವ್ವ

ಗುಳೇದಗುಡ್ಡ
ಇಸವಿ 2207, ಫೆಬ್ರುವರಿ 30

ಮಾನ್ಯ ನೀಲಗಂಗಾ ಮಗ್ಗದ ಅವರಿಗೆ,

ತಾರೀಖು ನೋಡಿ ಪತ್ರವನ್ನು ಪಕ್ಕಕ್ಕಿಡಬೇಡಿ. ತಿಂಗಳಿಗೆಲ್ಲ ಸಮನಾಗಿ ದಿನ ಹಂಚಬೇಕೆಂಬ ಹಟದಲ್ಲಿ ಫೆಬ್ರುವರಿಗೂ ಮೂವತ್ತು ದಿನ ಕೊಟ್ಟು ನಮ್ಮಲ್ಲಿ ಬಹಳ ಕಾಲವಾಯಿತು. ನಾನು ನಿಮ್ಮಿಂದ ಏಳು ತಲೆಮಾರು ಕೆಳಗಿನವನು. ನಿಮ್ಮ ಕಾಲದ ಪುಸ್ತಕಗಳನ್ನು ಓದಿ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಾತು ಎಲ್ಲಾದರೂ ವಿಚಿತ್ರವೆನಿಸಿದರೆ ಕ್ಷಮಿಸಿ. ಇಷ್ಟು ಹಿರಿಯರನ್ನು ಹೆಸರು ಹಿಡಿದು ಕರೆದದ್ದಕ್ಕೂ ಕ್ಷಮೆ ಕೇಳಬೇಕಿತ್ತು. ಅದನ್ನು ಮಾತ್ರ ಕೇಳುವುದಿಲ್ಲ. ನನ್ನ ಜಗಳ ಇರುವುದೇ ಆ ವಿಷಯದಲ್ಲಿ.

ನಿಮ್ಮ ಫೋಟೊಗಳು ನಮಗೆ ತಲುಪಿವೆ. ಫೋಟೊ ಕಾಯ್ದಿಡುತ್ತಿದ್ದ ನಿಮ್ಮ ಕಾಲದ ಕಂಪನಿಗಳು ಒಂದೊಂದಾಗಿ ಮುಚ್ಚಿದಾಗ ಎಷ್ಟೋ ಮನೆಗಳ ಫೋಟೊಗಳು ಅವುಗಳ ಜೊತೆಗೇ ಹೋದವು. ಕಚೇರಿಗಳ ದಾಖಲೆಗಳೂ ಹೋದವು. ನಿಮ್ಮ ಸಂಗ್ರಹವನ್ನು ನಿಮ್ಮ ಮೊಮ್ಮಗಳೊಬ್ಬಳು ಗಾಜುಹೊತ್ತಿಗೆಗೆ ಇಳಿಸಿದ್ದರಿಂದ ಅದು ಉಳಿಯಿತು. ಗಾಜುಹೊತ್ತಿಗೆ ಎಂದರೆ ಅಂಗೈಯಗಲದ ದಪ್ಪ ಬಿಲ್ಲೆ. ದೀಪಕ್ಕೆ ಹಿಡಿದು ಒಂದು ಪದ ಹೇಳಿದರೆ ಆ ಪದಕ್ಕೆ ಸೇರಿದ ಚಿತ್ರಗಳು ಗೋಡೆಯ ಮೇಲೆ ಮೂಡುತ್ತವೆ. ಆ ಪದಗಳು ಬೇರೇನಲ್ಲ, ನೀವು ಕೂತು ಹಾಕಿದ ಟ್ಯಾಗ್‌ಗಳೇ.

ಬೇಸಿಗೆಯ ಹಗಲನ್ನು ನಾವು ಹೊರಗೆ ಕಳೆಯಲಾರೆವು. ಊರ ಪಕ್ಕದ ಕೆಂಪುಗಲ್ಲಿನ ಗುಡ್ಡವನ್ನು ಕೊರೆದು ಮಾಡಿದ ಹಗಲುಮನೆಗಳಿವೆ. ಹೊತ್ತು ಏರುತ್ತಲೇ ಮಗ್ಗ, ಮಕ್ಕಳು, ರೊಟ್ಟಿಬುಟ್ಟಿ ಸಮೇತ ಅಲ್ಲಿಗೆ ಇಳಿಯುತ್ತೇವೆ, ಸಂಜೆ ಮೇಲೆ ಬರುತ್ತೇವೆ. ಒಳಗೆ ಮಾಡುವ ಕೆಲಸ ಮುಗಿದಾಗ ಯಾರಾದರೂ ನಿಮ್ಮ ಗಾಜನ್ನು ದೀಪಕ್ಕೆ ಹಿಡಿಯುತ್ತಾರೆ. ಹೆಚ್ಚಾಗಿ ಕೇಳುವ ಪದ ‘ಮಳೆ’. ನೀವು ಅದನ್ನು ಮಳೆಗಾಗಿ ಹಾಕಿದ್ದಲ್ಲ. ಒಣಹಾಕಿದ ನೂಲು ತೊಯ್ದು ಹಾಳಾದದ್ದನ್ನು ಯಾರಿಗೋ ತೋರಿಸಲು ಹಾಕಿದ್ದು. ನಾವು ನೂಲು ನೋಡುವುದಿಲ್ಲ. ಹಿಂದಿನ ಓಣಿಯಲ್ಲಿ ಹರಿಯುವ ಕೆಂಪು ನೀರು, ಅದರಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತ ಒಬ್ಬ ಹೆಂಗಸು, ಮೇಲೆ ಕಪ್ಪಾದ ಆಕಾಶ, ಇಷ್ಟನ್ನೇ ನೋಡುತ್ತ ಊಟ ಮಾಡುತ್ತೇವೆ. ಹಾಗೆಯೇ ‘ಬದನೆಕಾಯಿ’. ಅದರ ರುಚಿ ಬಲ್ಲವರು ನಮ್ಮಲ್ಲಿ ಯಾರೂ ಇಲ್ಲ, ಆದರೂ ನಿಮ್ಮ ಎಣ್ಣೆಗಾಯಿಯ ಫೋಟೊ ಬಂದರೆ ಮಕ್ಕಳು ಗೋಡೆಗೆ ಹತ್ತಿರ ಸರಿದು ಕೂರುತ್ತಾರೆ.

ನಿಮ್ಮ ಅಚ್ಚುಕಟ್ಟುತನಕ್ಕೆ ನಾನು ತಲೆಬಾಗುತ್ತೇನೆ. ನಿಮ್ಮ ಅಂಗಡಿಯಲ್ಲಿ ಮಾರಿದ ಪ್ರತಿ ಕುಪ್ಪಸದ ಖಣಕ್ಕೂ ನೀವು ಹುಡುಕುಪದ ಹಾಕಿದ್ದೀರಿ: ಬಣ್ಣ, ಅಂಚು, ನಮೂನೆ. ಸೂಜಿಮಲ್ಲಿಗೆ, ತೇರು, ಆನೆಹೆಜ್ಜೆ ಯಾವುದು ಎಂದು ಇವತ್ತು ನಮ್ಮ ನೇಕಾರರು ಬಲ್ಲರೆಂದರೆ ಅದಕ್ಕೆ ನೀವೇ ಕಾರಣ. ನಿಮ್ಮ ಎಮ್ಮೆಗೆ ಗೌರಿ ಎಂದು ಹೆಸರಿತ್ತು, ಅದೂ ನಮಗೆ ಗೊತ್ತು. ಆದರೆ ಮನುಷ್ಯರ ಸರದಿ ಬಂದಾಗ ನಿಮ್ಮ ಬೆರಳಿಗೆ ಏನಾಯಿತು? ಅವ್ವ, ಅತ್ತಿ, ದೊಡ್ಡವ್ವ, ಆಯಿ. ನಿಮ್ಮ ಗಂಡನ ಟ್ಯಾಗ್ ‘ಇವರು’! ಮನೆಯ ಐದಾರು ಮಂದಿ ಒಂದೇ ಸಂಗ್ರಹದಲ್ಲಿ ಕೂತು, ತಮ್ಮ ತಮ್ಮ ಬಾಯಿಂದ ಕರೆಯುವ ಹಾಗೆಯೇ ಪದ ಹಾಕಿದ್ದೀರಿ. ‘ಅವ್ವ’ ಎಂದರೆ ಗೋಡೆಯ ಮೇಲೆ ಐದು ಹೆಂಗಸರು ಬಂದು ನಿಲ್ಲುತ್ತಾರೆ. ಅವರಲ್ಲೇ ಒಬ್ಬರು ಇನ್ನೊಂದು ಚಿತ್ರದಲ್ಲಿ ಅತ್ತಿ, ಮತ್ತೊಂದರಲ್ಲಿ ದೊಡ್ಡವ್ವ. ಎಮ್ಮೆಗೆ ಇದ್ದ ಮರ್ಯಾದೆ ಅವರಿಗೆ ಸಿಗಲಿಲ್ಲವೆಂದು ಬರೆದರೆ ನಿಮಗೆ ಸಿಟ್ಟು ಬಂದೀತು. ಬರಲಿ.

ಈ ಸಿಟ್ಟಿಗೆ ಕಾರಣ ಹೇಳುತ್ತೇನೆ. ನಮ್ಮಲ್ಲಿ ಹುಟ್ಟಿದ ಕೂಸಿಗೆ ಕೂಡಲೇ ಹೆಸರಿಡುವುದಿಲ್ಲ. ಅದು ನಗುವುದನ್ನು ಕಾಯುತ್ತೇವೆ. ನಕ್ಕ ಮೇಲೆ ಮನೆಯವರೆಲ್ಲ ಗಾಜುಹೊತ್ತಿಗೆ ತೆಗೆದು, ಹಿರಿಯರಲ್ಲಿ ಅದೇ ನಗು ಯಾರಿಗಿತ್ತು ಎಂದು ಹುಡುಕುತ್ತೇವೆ. ಸಿಕ್ಕವರ ಹೆಸರನ್ನು ತೊಟ್ಟಿಲಲ್ಲಿ ಕೂಸಿನ ಕಿವಿಗೆ ಹೇಳುತ್ತೇವೆ. ಇದಕ್ಕೆ ನಗೆಹೆಸರು ಎನ್ನುತ್ತಾರೆ. ಊರು, ಹೊಲ, ಹಳ್ಳ ಎಲ್ಲ ಬದಲಾದ ಮೇಲೆ ನಮ್ಮವರು ಎಂದು ಹಿಡಿದುಕೊಳ್ಳಲು ನಮಗೆ ಉಳಿದದ್ದು ಅದೊಂದೇ. ನನ್ನ ಮಗಳು ರುದ್ರಾಕ್ಷಿಯ ಕೂಸು ಕಳೆದ ವಾರ ನಕ್ಕಿತು. ನಗುವಾಗ ಅದರ ಎಡಗಣ್ಣು ಮೊದಲು ಮುಚ್ಚುತ್ತದೆ, ಬಲಗಣ್ಣು ಇನ್ನೂ ಏನೋ ನೋಡುತ್ತಿರುತ್ತದೆ.

ಆ ನಗು ನಮಗೆ ಸಿಕ್ಕಿತು. ಸೂಜಿಮಲ್ಲಿಗೆ ನಮೂನೆಯ ಹಸಿರು ಖಣದ ಕುಪ್ಪಸ ತೊಟ್ಟ, ಹಲ್ಲು ಉದುರಿದ ಮುದುಕಿ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದಾರೆ. ಫೋಟೊ ತೆಗೆಯಲು ಹೋಗಿ ಯಾರೋ ತಪ್ಪಿ ವಿಡಿಯೊ ಒತ್ತಿದ್ದಾರೆ, ಅದಕ್ಕೇ ಮಾತೂ ಉಳಿದಿದೆ. ಮೊದಲು ಒಬ್ಬ ಹುಡುಗಿಯ ದನಿ.

“ನೀಲಕಾಕೂ, ಇದಕ್ಕ ಆಯಿ ಹೆಸರ ಏನಂತ ಹಾಕ್ಲಿ?”

“ಏ ಹುಚ್ಚಿ, ಹಿರೇರ ಹೆಸರ ಹಂಗ ಬರೀತಾರೇನ? ಅವ್ವ ಅಂತ ಹಾಕು, ಸಾಕು.” ಇದು ನೀವು.

“ಯಾರ ಅವ್ವ ಅಂತ ಗೊತ್ತಾಗಬೇಕಲ್ಲ?”

“ಓಣಿಗೆಲ್ಲ ಗೊತ್ತೈತಿ. ಗೊತ್ತಿಲ್ಲದವ್ರು ನಮ್ಮನಿ ಫೋಟೊ ಯಾಕ ನೋಡ್ತಾರ?”

ಆಗ ಮುದುಕಿ ಬಾಯಿ ಹಾಕುತ್ತಾರೆ: “ನನ್ನ ಹೆಸರ ತಗೊಂಡು ಏನ್ ಮಾಡ್ತೀರೇ, ರೇಷನ್ ಕೊಡ್ತೀರೇನು?” ಅಂದವರೇ ನಗುತ್ತಾರೆ. ಎಡಗಣ್ಣು ಮೊದಲು ಮುಚ್ಚುತ್ತದೆ. ಅಲ್ಲಿಗೆ ವಿಡಿಯೊ ಮುಗಿಯುತ್ತದೆ.

ಗೊತ್ತಿಲ್ಲದ ನಾವು ನೋಡುತ್ತಿದ್ದೇವೆ, ತಾಯಿ. ಅವರು ನಿಮ್ಮ ಹೆತ್ತವ್ವನೋ ಅತ್ತೆಯೋ ಅದೂ ಹೊಳೆಯುತ್ತಿಲ್ಲ. ಹೇಗಿದ್ದರೂ ನಮಗೆ ರಕ್ತಸಂಬಂಧವೇ. ಮುಖ ಹೊಂದಿಸುವ ಯಂತ್ರ ನಮ್ಮಲ್ಲೂ ಇದೆ. ಈ ಮುಖವೂ ಆ ಮುಖವೂ ಒಂದೇ ಎಂದು ಅದು ಹೇಳುತ್ತದೆ, ಅದರ ಮುಂದೆ ಅದಕ್ಕೂ ಬಾಯಿಲ್ಲ. ಅವರು ತೊಟ್ಟ ಕುಪ್ಪಸದ ಹೆಸರು ಗೊತ್ತು, ಬಣ್ಣ ಗೊತ್ತು. ಒಳಗಿರುವವರು ಯಾರು? ಅವರ ದನಿಯನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ಮಗ್ಗದ ಸದ್ದಿನಲ್ಲೂ ಈಗ ಆ ರೇಷನ್ ಮಾತು ಕೇಳಿಸುತ್ತದೆ. ಎದ್ದು ಹೋಗಿ ಆ ಕಟ್ಟೆಯ ಮೇಲೆ ಪಕ್ಕದಲ್ಲಿ ಕೂರಬೇಕು ಅನ್ನಿಸುತ್ತದೆ. ಕೂತರೂ ಏನೆಂದು ಮಾತಾಡಿಸಲಿ?

ಹಿಂದಂಚೆ ಎಂಬುದೊಂದಿದೆ. ಅದರಲ್ಲಿ ಬರೀ ಅಕ್ಷರಗಳನ್ನು ಹಿಂದಿನ ಕಾಲಕ್ಕೆ ಕಳಿಸಬಹುದು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ, ಉತ್ತರ ಬರುವ ದಾರಿಯಿಲ್ಲ. ನನ್ನ ಪತ್ರವನ್ನು ಇದಕ್ಕೆ ಖರ್ಚು ಮಾಡುತ್ತೇನೆಂದಾಗ ನನ್ನ ಹೆಂಡತಿ ಮಲಪ್ರಭೆ ಹಣೆ ಬಡಿದುಕೊಂಡಳು.

“ಮಂದಿ ಯುದ್ಧ ನಿಲ್ಲಸ್ರಿ, ಗಿಡಾ ಕಡೀಬ್ಯಾಡ್ರಿ ಅಂತ ಪತ್ರ ಬರೀತಾರ. ನೀವು ಒಂದ್ ಹೆಸರ ಕೇಳಾಕ ಬರೀತೀರಿ!”

“ಅವನ್ನೆಲ್ಲ ಯಾರರ ಓದಿದ್ರೇನ? ಈಕಿ ಓದ್ತಾಳ. ನೂಲಿನ ಫೋಟೊಕ್ಕೂ ಟ್ಯಾಗ್ ಹಾಕಿದಾಕಿ, ಮನಿಗಿ ಬಂದ ಪತ್ರ ಬಿಡ್ತಾಳೇನ?” ಎಂದೆ.

“ಓದಿದ್ರೂ ಬರಿಯೂದಿಲ್ಲ ನೋಡ್ರಿ. ಆ ಮುದುಕಿ ಅತ್ತಿನ ಇದ್ರ, ಸೊಸಿ ಆದಾಕಿಗೆ ಅಂಜಿಕಿ ಇರತೈತಿ” ಎಂದಳು. ಅವಳ ಆ ಮಾತು ನನ್ನನ್ನು ಕೊರೆಯುತ್ತಿದೆ.

ಉತ್ತರ ಬರದಿದ್ದರೂ ಗಾಜಿದೆ. ನೀವು ಇವತ್ತು ಆ ಒಂದು ಟ್ಯಾಗ್ ತಿದ್ದಿದರೆ ಇಲ್ಲಿ ಗೋಡೆಯ ಮೇಲೂ ತಿದ್ದುಪಡಿಯಾಗುತ್ತದೆ. ಪತ್ರ ಹಾಕಿ ಬಂದು ನಾನು ಮೊದಲು ಮಾಡುವ ಕೆಲಸ ಅದನ್ನು ನೋಡುವುದೇ. ತೊಟ್ಟಿಲು ನಾಳೆ ಸಂಜೆ. ಬೀಗರು ಈಗಾಗಲೇ ಹಗಲುಮನೆ ಸೇರಿದ್ದಾರೆ.

ಹೆಸರು ಸಿಗದಿದ್ದರೆ ಏನು ಮಾಡುವುದೆಂದು ರುದ್ರಾಕ್ಷಿ ತೀರ್ಮಾನಿಸಿದ್ದಾಳೆ. ಪ್ರತಿ ಫೋಟೊದ ಅಡಿಯಲ್ಲೂ ಸಂಗ್ರಹದ ಒಡತಿ ಎಂದು ಯಂತ್ರ ತಾನಾಗಿ ಬರೆದುಕೊಂಡ ಹೆಸರೊಂದಿದೆ, ನಿಮ್ಮದು. “ನೀಲಗಂಗಾ ಅಂತ ಇಡೂಣು ಅಪ್ಪಾ. ಆಕಿ ಹೆಸರರ ಗೊತ್ತೈತಿ” ಎಂದಳು. ಒಳ್ಳೆಯ ಹೆಸರೇ, ಬಾಯಿಗೆ ತಂಪು. ನೀವು ಸುಮ್ಮನಿದ್ದರೆ ನಾಳೆ ಅದೇ ತೊಟ್ಟಿಲೇರುತ್ತದೆ, ಯಾರೂ ನಿಮ್ಮನ್ನು ದೂರುವುದಿಲ್ಲ. ಆದರೆ ಕೂಸು ಜೀವನವಿಡೀ ಅವರ ನಗು ನಗುತ್ತ ನಿಮ್ಮ ಹೆಸರಿಗೆ ಓಗೊಡುತ್ತದೆ. ಅದನ್ನು ನೀವು ಒಪ್ಪುವವರಲ್ಲ ಎಂದು ನಿಮ್ಮ ದನಿ ಕೇಳಿದ ಮೇಲೆ ನನಗೆ ಅನ್ನಿಸಿದೆ.

ಹಿರಿಯರ ಹೆಸರು ಬರೆಯಲು ನಿಮ್ಮ ಕೈ ಬಾರದಿದ್ದರೆ ಬಲವಂತವಿಲ್ಲ. ಅವರು ಇನ್ನೂ ಆ ಕಟ್ಟೆಯ ಮೇಲೆ ಕೂರುತ್ತಿರಬಹುದು. ಫೋನನ್ನು ಅವರ ಕೈಗೇ ಕೊಡಿ. ಅಕ್ಷರ ಬರದಿದ್ದರೆ ಬಾಯಲ್ಲಿ ಹೇಳಲಿ, ಫೋನು ಬರೆದುಕೊಳ್ಳುತ್ತದೆ. ರೇಷನ್ ಕೊಡುತ್ತಾರೇನು ಎಂದು ಮತ್ತೆ ಕೇಳಿದರೆ ಇಲ್ಲ ಅನ್ನಿ, ಒಂದು ಕೂಸಿನ ಕಿವಿಗೆ ಬೇಕಂತೆ ಅನ್ನಿ.

ನಿಮ್ಮವನೇ ಆದ,
ಗುರುಶಾಂತ ಮಗ್ಗದ