ಕೂಗಿಗೆ ಕೂಗು

ಮನೆಯಿಂದ,
ಮಂಗಳವಾರ ಬೆಳಿಗ್ಗೆ

ಪ್ರೀತಿಯ ಪುಟ್ಟಿ,

ಹೇಗಿದ್ದೀಯ? ಕೆಮ್ಮು ಹೋಯಿತೆ, ಇಲ್ಲ ಇನ್ನೂ ಸಾಕಿಕೊಂಡಿದ್ದೀಯ? ಹೊಸ ರೂಮಿನ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ ಎಂದು ಬರೆದಿದ್ದೆ. ಒಂದು ರಟ್ಟಿನ ತುಂಡಾದರೂ ಅಡ್ಡ ಇಡು, ಜ್ವರ ಬಂದರೆ ಅಲ್ಲಿ ಹಣೆ ಮುಟ್ಟಿ ನೋಡುವವರೂ ಇಲ್ಲ. ನಾನು ಚೆನ್ನಾಗಿದ್ದೇನೆ, ಗಂಟಲೊಂದು ಬಿಟ್ಟು. ನಿಮ್ಮಪ್ಪ ಬಚ್ಚಲಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದಾರೆ, ರೇಡಿಯೊ ಬೀದಿಗೆಲ್ಲ ಕೇಳುವಂತೆ ಅರಚುತ್ತಿದೆ. ಅದು ನಿಲ್ಲುವುದರೊಳಗೆ ಬರೆದು ಮುಗಿಸಬೇಕು. ಈ ವಿಷಯ ನಿನಗೆ ತಿಳಿಸಬಾರದು ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ಆಣೆ ಮುರಿದ ಪಾಪ ನನಗಿರಲಿ.

ಅವರಿಗೆ ಕಿವಿ ಕೇಳುತ್ತಿಲ್ಲ. ಎಲ್ಲರೂ ಮೈಕಿನವರು ಎಂದೇ ಕರೆಯುವ ಮನುಷ್ಯನಿಗೆ. ನೀನು ಜಗಳವಾಡಿಕೊಂಡು ಹೋಗುವ ಮೊದಲೇ ಶುರುವಾಗಿತ್ತಂತೆ, ಬಾಯಿ ಬಿಟ್ಟಿರಲಿಲ್ಲ. ಸಭಾಂಗಣದಲ್ಲಿ ಮಾತನಾಡುವವರ ದನಿ ಸಾಲದು ಅನ್ನಿಸಿ ಸದ್ದು ಏರಿಸುವ ಗುಂಡಿ ತಿರುಗಿಸುತ್ತಾರೆ. ಸ್ಪೀಕರ್ ಬಾಕ್ಸಿನಿಂದ ಹೊರಟ ಸದ್ದು ಮತ್ತೆ ಮೈಕಿಗೇ ಹೊಕ್ಕು, ಅಲ್ಲಿಂದ ಇನ್ನೂ ದೊಡ್ಡದಾಗಿ ಬಾಕ್ಸಿಗೆ ಬಂದು, ಪುನಃ ಮೈಕಿಗೆ ಹೋಗಿ, ಕೊನೆಗೆ ಕುಂಯ್ ಎಂದು ಕೂಗಿಕೊಳ್ಳುತ್ತದೆ. ಆ ಕೂಗು ಅಲ್ಲಿರುವವರಲ್ಲಿ ಒಬ್ಬರಿಗೆ ಮಾತ್ರ ಕೇಳುವುದಿಲ್ಲ. ಜನ ಮುಖ ಕಿವುಚುವುದನ್ನು ನೋಡಿ, ಮಾತು ಕೇಳಿಸುತ್ತಿಲ್ಲವೇನೋ ಎಂದು ಇವರು ಗುಂಡಿಯನ್ನು ಇನ್ನಷ್ಟು ಏರಿಸುತ್ತಾರೆ. ಹೋದ ವಾರ ಹೀಗೇ ಆಯಿತು. ಶನಿವಾರದ ದೊಡ್ಡ ಸಭೆಯಲ್ಲಿ ಇನ್ನೊಂದು ಸಲ ಕೂಗಿದರೆ ಬೀಗದ ಕೈ ಕೊಟ್ಟು ಮನೆಗೆ ಹೋಗಿ ಎಂದು ಸಭಾಂಗಣದ ಮ್ಯಾನೇಜರು ಹೇಳಿಬಿಟ್ಟಿದ್ದಾರೆ. ಮೆಷಿನ್ನು ಹಳೆಯದಾಯಿತು ಎಂದು ಇವರು ಸುಳ್ಳು ಹೇಳಿ ಬಂದಿದ್ದಾರೆ. ಆ ಕೆಲಸ ಹೋದರೆ ಈ ಮನುಷ್ಯ ಏನಾಗುತ್ತಾರೋ ಎಂದು ನನಗೆ ಹೆದರಿಕೆಯಾಗುತ್ತದೆ.

ಕೈ ಹಿಡಿದು ಎಳೆದುಕೊಂಡು ಕಿವಿ ಡಾಕ್ಟರ ಹತ್ತಿರ ಹೋದೆ. ಕಿವಿಯೊಳಗೆ ಇಟ್ಟುಕೊಳ್ಳುವ ಮೆಷಿನ್ನು ಕೊಟ್ಟರು. ಮನೆಗೆ ಬಂದವರೇ, ಬಿಗಿಯಾಯಿತು ಎಂದು ಅದರ ಅಂಚನ್ನು ಬ್ಲೇಡಿನಲ್ಲಿ ಕೆತ್ತಿದರು. ಇಷ್ಟು ವರ್ಷ ಮೈಕು ಬಿಚ್ಚಿದ ಕೈ ಸುಮ್ಮನಿರುತ್ತದೆಯೆ. ಸಡಿಲವಾದ ಮೇಲೆ ಅದೂ ಕೂಗತೊಡಗಿತು. ಸದ್ದು ಸಾಲದೆ ಇವರು ಏರಿಸುವುದು, ಏರಿಸಿದಷ್ಟೂ ಅದು ಕೂಗುವುದು. ಬಸ್ಸಿನಲ್ಲಿ ಪಕ್ಕದವರು ತಿರುಗಿ ನೋಡಿದರೆಂದು ಅವಮಾನವಾಗಿ ಕಿತ್ತು ಜೇಬಿಗೆ ಹಾಕಿದವರು ಮತ್ತೆ ತೆಗೆದಿಲ್ಲ. ಮತ್ತೆ ಕರೆದುಕೊಂಡು ಹೋದಾಗ ಡಾಕ್ಟರು ಇದನ್ನು ವಿಷವರ್ತುಲ ಅಂದರು. "ವಿಷ ಹಾಕಿದೋರು ಯಾರು ಅಂತ ಕೇಳು" ಎಂದು ನಿಮ್ಮಪ್ಪ ಅಲ್ಲೇ ರೇಗಿದರು. ನಿನ್ನ ದೊಡ್ಡಮ್ಮ ಗ್ರಹಚಾರ ಅನ್ನುತ್ತಾಳೆ, ಮ್ಯಾನೇಜರು ಬೇಜವಾಬ್ದಾರಿ ಅನ್ನುತ್ತಾರೆ, ನಾನು ಹಟ ಅನ್ನುತ್ತಿದ್ದೆ. ಹಟ ಎಂದಾಗಲೆಲ್ಲ ಅವರು ಇನ್ನಷ್ಟು ಹಟಕ್ಕೆ ಬಿದ್ದರು, ಗ್ರಹಚಾರ ಎಂದಾಗ ಕೈ ಚೆಲ್ಲಿ ಕೂತರು. ಇದಕ್ಕಿಂತ ಮೈಕಿನ ಕಸುಬಿನವರ ಮಾತೇ ವಾಸಿ. ಕೂಗು ಹಿಡಿದಿದೆ, ಅನ್ನುತ್ತಾರೆ ಅಷ್ಟೆ. ತಪ್ಪು ಮೈಕಿನದೂ ಅಲ್ಲ, ಬಾಕ್ಸಿನದೂ ಅಲ್ಲ.

ನಮ್ಮ ಮನೆಗೂ ಅದೇ ಹಿಡಿದಿತ್ತು ಕಣೆ. ಅವರಿಗೆ ಕೇಳಲಿ ಎಂದು ನಾವು ಗಟ್ಟಿಯಾಗಿ ಹೇಳಿದೆವು. ಇವರೆಲ್ಲ ತನ್ನ ಮೇಲೆ ಹರಿಹಾಯುತ್ತಾರೆ ಎಂದುಕೊಂಡು ಅವರು ಅದಕ್ಕಿಂತ ಗಟ್ಟಿಯಾಗಿ ಬೈದರು. ಜಗಳದ ದಿನ ನೀನು ಬಾಯಿ ತೆರೆದದ್ದು ಯಾತಕ್ಕೆ ನೆನಪಿದೆಯೆ? "ಅಪ್ಪಾ, ಊಟ ಮಾಡಿದ್ರಾ" ಅಂತ ಕೇಳುವುದಕ್ಕೆ. ಮೂರನೆಯ ಸಲಕ್ಕೆ ನೀನು ಕಿರುಚುತ್ತಿದ್ದೆ, ಸ್ವಲ್ಪ ಹೊತ್ತಿಗೆ ಬಟ್ಟೆಬರೆ ಚೀಲಕ್ಕೆ ತುಂಬುತ್ತಿದ್ದೆ. ನಾನು ನಡುವೆ ನಿಂತು ಇಬ್ಬರಿಗಿಂತ ಜೋರಾಗಿ ಸುಮ್ಮನಿರಿ ಎಂದು ಅರಚುತ್ತಿದ್ದೆ.

ಹೊಟ್ಟೆಗೆ ಸರಿಯಾಗಿ ತಿನ್ನು, ಕತ್ತಿಗೆ ಬೆಚ್ಚಗೆ ಏನಾದರೂ ಸುತ್ತಿಕೊ. ಎಲ್ಲಿದ್ದರೂ ನಗುನಗುತ್ತ ಇರು, ನನ್ನ ಆಯಸ್ಸೂ ನಿನಗೇ ಸೇರಲಿ.

ನಿನ್ನ
ಅಮ್ಮ

ಮರೆತ ಮಾತು: ರೇಡಿಯೊ ನಿಂತಿತು, ಬೇಗ ಬೇಗ ಗೀಚುತ್ತಿದ್ದೇನೆ. ಪಕ್ಕದ ಮನೆಯ ಲಾರಿ ಡ್ರೈವರ್ ಕೈಯಲ್ಲಿ ಕಳಿಸುತ್ತೇನೆ, ನಾಳೆ ನಿನಗೆ ಸಿಗುತ್ತದೆ. ನೀನು ಫೋನ್ ಮಾಡಿದಾಗಲೆಲ್ಲ ಅಪ್ಪ ಅದನ್ನು ನನ್ನ ಕೈಗೆ ಕೊಟ್ಟು ಎದ್ದು ಹೋಗುತ್ತಿದ್ದರಲ್ಲ, ಇನ್ನೂ ಕೋಪ ಎಂದು ನೀನು ಮಾಡುವುದನ್ನೇ ಬಿಟ್ಟೆ. ನೀನು ಬಿಟ್ಟದ್ದಕ್ಕೆ, ಮಗಳಿಗೆ ತಾನು ಬೇಡವಾದೆ ಎಂದು ಅವರು ಕೊರಗುತ್ತಿದ್ದಾರೆ. ಕೋಪವಲ್ಲ ಪುಟ್ಟಿ, ಫೋನಿನಲ್ಲಿ ನಿನ್ನ ಮಾತು ಅವರಿಗೆ ಒಂದೂ ತಿಳಿಯುವುದಿಲ್ಲ. ಹತ್ತಿರದಿಂದಾದರೆ ಬಲಗಿವಿ ಇನ್ನೂ ಸ್ವಲ್ಪ ಕೇಳುತ್ತದೆ ಎಂದು ಡಾಕ್ಟರು ಹೇಳಿದ್ದರು. ನಿನ್ನೆ ಅವರ ಬಲಕ್ಕೆ ಒತ್ತಿ ಕೂತು, ಕಿವಿಯ ಹತ್ತಿರ ಮಾಮೂಲಿ ದನಿಯಲ್ಲಿ ಹೇಳಿದೆ, "ಅವಳು ರೇಗಿರ್ಲಿಲ್ಲ, ನಿಮಗೆ ಕೇಳ್ಲಿ ಅಂತ ಕೂಗಿದ್ದು." ಪೂರ್ತಿ ಕೇಳಿಸಿತು. "ಹಾಗಾದ್ರೆ ನಾನ್ಯಾಕೆ ಬೈದೆ" ಅಂದರು. ಫೋನ್ ಮಾಡಬೇಡ, ಶನಿವಾರದೊಳಗೆ ನೀನೇ ಬಾ. ಸಭೆಯಲ್ಲಿ ಅವರ ಪಕ್ಕ ನಿಂತು, ಕೂಗು ಹಿಡಿಯುವ ಮೊದಲೇ ಗುಂಡಿ ಇಳಿಸು. ಬಾಗಿಲಲ್ಲೇ ನಿಂತು ಅಪ್ಪಾ ಎಂದು ಕರೆಯಬೇಡ. ಸೀದಾ ಒಳಗೆ ಬಂದು, ಅವರ ಬಲಗಡೆ ಕೂತು, ಮೆಲ್ಲಗೆ ಮಾತಾಡು.