ಮುಚ್ಚುವ ಮೊದಲು ಮೂತಿಗೆ ಭಾರ

ಭಾನುವಾರ, ಮಧ್ಯಾಹ್ನ

ಮುನಿಸಿಕೊಂಡ ಮಹಾರಾಯರಿಗೆ,

ನೀವೇ ಸೂಜಿ ಅಂತ ಕರೆಯುವ ನಿಮ್ಮ ಹೆಂಡತಿಯ ನಮಸ್ಕಾರ. ಫೋನ್ ಇರುವಾಗ ಕಾಗದ ಯಾಕೆ ಎಂದು ಹುಬ್ಬೇರಿಸಬೇಡಿ. ಫೋನಿನಲ್ಲಿ ನಿಮ್ಮ ಬಾಯಿಂದ ಬರುವುದು "ಹೂಂ", ತಪ್ಪಿದರೆ "ಸರಿ". ಊರಿನವರಿಗೆಲ್ಲ ಹಲ್ಲು ಕಟ್ಟಿಕೊಟ್ಟು ನಿವೃತ್ತರಾದ ಮನುಷ್ಯ ತನ್ನ ಬಾಯಿ ಮಾತ್ರ ತೆರೆಯುವುದಿಲ್ಲ. ಕಾಗದವಾದರೆ ನಾನು ಹೇಳಿದ್ದನ್ನು ಕೊನೆತನಕ ಕೇಳುತ್ತೀರಿ.

"ಅಕ್ಕನ ಮನೇಲಿ ಎರಡು ದಿನ ಇದ್ದು ಬರ್ತೀನಿ" ಅಂತ ಹೋದವರು ನೀವು. ಈಗ ಎರಡನೇ ತಿಂಗಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನೀವು ಉಣ್ಣುವುದೂ ಮಲಗುವುದೂ ಅಲ್ಲೇ ಆದರೆ ಅದು ಮುಗಿಯುವುದು ಹೇಗೆ? ಅಷ್ಟಕ್ಕೂ ನಾನು ಹೇಳಿದ್ದೇನು? ಮಗಳು ಕೂಸಿನ ಜೊತೆ ಬರುತ್ತಾಳೆ, ನಿಮ್ಮ ಪುಟ್ಟ ಮಾದರಿ ವಿಮಾನಗಳ ಕೋಣೆ ಖಾಲಿ ಮಾಡಿಕೊಡಿ ಅಂದೆ. ಹಾಗಾದ್ರೆ ನಾನೂ ಖಾಲಿ ಮಾಡ್ತೀನಿ ಅಂದಿರಿ. ಮಾಡಿ ಅಂದೆ. ಮಾಡಿಯೇಬಿಟ್ಟಿರಿ, ವಿಮಾನಗಳನ್ನು ಮಾತ್ರ ಇಲ್ಲೇ ಬಿಟ್ಟು. ಈಗ ಮಗಳು, ನಂಗೂ ಪಾಪೂಗೂ ನಿನ್ನ ಕೋಣೆಯೇ ಸಾಕಮ್ಮಾ ಅನ್ನುತ್ತಿದ್ದಾಳೆ. ಜಗಳದ ಕಾರಣವೇ ಎದ್ದು ಹೋಯಿತು, ನಾವಿಬ್ಬರು ಮಾತ್ರ ಹಾಗೇ ಕೂತಿದ್ದೇವೆ.

ನಿಮ್ಮ ಕೋಣೆ ಇದ್ದ ಹಾಗೇ ಇದೆ. ಗಾಜಿನ ಬೀರುವಿನ ಫೈಟರ್‌ಗಳಿಗೆ ನೀವು ಹೇಳಿಕೊಟ್ಟಂತೆ ಮೆತ್ತನೆ ಬ್ರಷ್ಷಿನಲ್ಲೇ ಧೂಳು ತೆಗೆಯುತ್ತೇನೆ. ಮೇಜಿನ ಮೇಲೆ ನೀವು ಅರ್ಧಕ್ಕೆ ಬಿಟ್ಟು ಹೋದದ್ದಿತ್ತು, ಯುದ್ಧಕಾಲದ ಆ ಎರಡು ಬಾಲದ ಫೈಟರ್ ವಿಮಾನ. ಅದನ್ನು ನೋಡಿದಾಗಲೆಲ್ಲ ಬಾಗಿಲು ಎಳೆದುಕೊಂಡು ಬರುತ್ತಿದ್ದೆ. ಒಂದು ದಿನ ಹೊಲಿಗೆ ಅಂಗಡಿಯಿಂದ ಬಂದವಳು ಸುಮ್ಮನೆ ನಿಮ್ಮ ಕುರ್ಚಿಯಲ್ಲಿ ಕೂತು, ಭೂತಗನ್ನಡಿಯ ದೀಪ ಹಾಕಿದೆ. ಅಂಟಿನ ಡಬ್ಬಿ ತೆರೆದ ಕೂಡಲೇ ನೀವು ಪಕ್ಕದಲ್ಲೇ ಬಂದು ನಿಂತ ಹಾಗಾಯಿತು. ಆಮೇಲೆ ದಿನಾ ಕೂತೆ.

ಪೈಲಟ್ ಕೂರುವ ಜಾಗದಲ್ಲಿ ಸಾಸಿವೆಗಿಂತ ಚಿಕ್ಕ ಗಡಿಯಾರಗಳು. ನೀವು ಅರ್ಧಕ್ಕೆ ಮುಳ್ಳು ಬರೆದಿದ್ದಿರಿ, ಉಳಿದವಕ್ಕೆ ನಾನು ಬರೆದೆ. ಸೀಟಿಗೆ ತೆಳು ತಗಡಿನ ಬೆಲ್ಟು ಕತ್ತರಿಸಿ ಕೂರಿಸಿದೆ. ಇಷ್ಟು ವರ್ಷ ಕೋಟುಗಳಿಗೆ ಗುಂಡಿ ಹಚ್ಚಿದ ಕೈ, ಅಷ್ಟೇನೂ ಕೆಟ್ಟಿಲ್ಲ. ವಿಮಾನದ ಎರಡು ಹೋಳು ಸೇರಿಸಿ ಮುಚ್ಚಿದ ಮೇಲೆ ಇದನ್ನೆಲ್ಲ ಯಾರು ನೋಡ್ತಾರೆ ಅಂತ ಹಿಂದೆ ನಿಮ್ಮನ್ನು ಕೆಣಕುತ್ತಿದ್ದೆ. ಒಳಗಿದೆ ಅಂತ ನಂಗೊತ್ತಲ್ಲ, ಸಾಕು ಅನ್ನುತ್ತಿದ್ದಿರಿ. ಆ ಮಾತು ಈಗ ನನಗೂ ಅರ್ಥವಾಗುತ್ತದೆ.

ವಿಮಾನದ ಬೆನ್ನಿಂದ ಬಾಲಕ್ಕೆ ಎಳೆಯುವ ರೇಡಿಯೋ ಏರಿಯಲ್ ತಂತಿಗೆ ಕೂದಲು ಬೇಕಾಯಿತು. ಮದುವೆಯಾದ ಹೊಸದರಲ್ಲಿ "ನಿನ್ನದೊಂದು ಕೂದಲು ಕೊಡೇ" ಅಂತ ನೀವು ಕೇಳಿದಾಗ, ಎದೆಯ ಹತ್ತಿರ ಇಟ್ಟುಕೊಳ್ಳುತ್ತಾರೇನೋ ಎಂದು ನಾಚಿ ನೀರಾಗಿದ್ದೆ. ನೀವದನ್ನು ವಿಮಾನದ ಬಾಲಕ್ಕೆ ಬಿಗಿದಿರಿ! ಈ ಸಲ ಕನ್ನಡಿಯ ಮುಂದೆ ನಿಂತು ಕಪ್ಪು ಕೂದಲು ಹುಡುಕುವುದೇ ದೊಡ್ಡ ಕೆಲಸವಾಯಿತು. ಬೀರುವಿನಲ್ಲಿರುವ ಅಷ್ಟೂ ವಿಮಾನಗಳಲ್ಲಿ ನನ್ನ ಒಂದೊಂದು ವಯಸ್ಸಿನ ಕೂದಲಿದೆ, ನಿಮಗೆ ನೆನಪಾಗುವುದೇ ಇಲ್ಲವೇ?

ಇರಲಿ, ಈಗ ಯಡವಟ್ಟಿನ ಸುದ್ದಿ. ಈ ವಿಮಾನಕ್ಕೆ ಮೂತಿಯ ಕೆಳಗೊಂದು ಗಾಲಿ, ರೆಕ್ಕೆಗಳ ಕೆಳಗೆರಡು. ಮೂತಿ ಹಗುರಾದರೆ ಹಿಂದಕ್ಕೆ ಕುಕ್ಕರಿಸುತ್ತದೆ. ಅದಕ್ಕೇ ನೀವು ಸೀಸದ ಗುಂಡುಗಳ ಡಬ್ಬಿ ಇಟ್ಟುಕೊಂಡು, "ಮುಚ್ಚೋ ಮೊದ್ಲು ಮೂತಿಗೆ ಭಾರ, ಮುಚ್ಚೋ ಮೊದ್ಲು ಮೂತಿಗೆ ಭಾರ" ಅಂತ ಜಪ ಮಾಡುತ್ತಿದ್ದುದು. ನಾನು ಸಿಡುಕಿದಾಗ, ನಿಂಗೂ ಎರಡು ಗುಂಡು ಹಾಕ್ಬೇಕು ನೋಡು ಅನ್ನುತ್ತಿದ್ದಿರಿ. ಅಷ್ಟು ಕೇಳಿಯೂ ಮರೆತೆ. ಎರಡು ಹೋಳು ಸೇರಿಸಿ, ಅಂಟು ಹಾಕಿ, ಬಟ್ಟೆ ಕ್ಲಿಪ್ಪು ಬಿಗಿದಿಟ್ಟೆ. ಒಣಗಿದ ಮೇಲೆ ಗಾಲಿ ಜೋಡಿಸಿ ನಿಲ್ಲಿಸಿದರೆ, ಮೂತಿ ಮೇಲೆತ್ತಿ ಎರಡು ಬಾಲದ ಮೇಲೆ ಕೂತುಬಿಟ್ಟಿತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಮೇಲೆ ನಗು ನಿಂತರೂ ನೀರು ನಿಲ್ಲಲಿಲ್ಲ.

ಬಾಲದ ಕೆಳಗೆ ಬೆಂಕಿಪೊಟ್ಟಣ ಕೊಟ್ಟಿದ್ದೇನೆ. ಅಂಟಿದ ಸಂದು ಬಿಡಿಸಿ ಮೂತಿಗೆ ಗುಂಡು ತುಂಬಬೇಕು. ನಾನು ಬ್ಲೇಡು ಹಾಕಿದರೆ ಒಳಗಿನ ಗಡಿಯಾರಗಳೆಲ್ಲ ಪುಡಿ. ಹಾಗಂತ ನಿಮ್ಮನ್ನು ಬನ್ನಿ ಎಂದು ಕರೆಯಲು ಇದನ್ನು ಬರೆದದ್ದಲ್ಲ. ನಿಮ್ಮ ಮಾನ ನಿಮಗೆ, ನನ್ನ ಮಾನ ನನಗೆ. ಹೇಗೆ ಬಿಡಿಸುವುದೆಂದು ನಾಲ್ಕು ಸಾಲು ಬರೆದು ಕಳಿಸಿದರೆ ಸಾಕು.

ನಿಮ್ಮ ಅಕ್ಕನಿಗೆ ನನ್ನ ನಮಸ್ಕಾರ ಹೇಳಿ. ಕನ್ನಡಕ ಒರೆಸಿಕೊಳ್ಳಿ.

ಇಂತಿ, ಇನ್ನೂ ಚುಚ್ಚುವ,
ನಿಮ್ಮ ಸೂಜಿ

ಮರೆತ ಮಾತು: ಮರೆತೆ ಅಂದದ್ದು ಸುಳ್ಳು. ಹೋಳುಗಳನ್ನು ಸೇರಿಸುವಾಗ ಗುಂಡಿನ ಡಬ್ಬಿ ನನ್ನ ಕಣ್ಣೆದುರೇ ಇತ್ತು. ನಿಮ್ಮ ಜಪವನ್ನು ಬಾಯಿಬಿಟ್ಟು ಹೇಳಿಯೂ ಹೇಳಿದೆ, ಡಬ್ಬಿಯನ್ನು ಎತ್ತಿ ನನ್ನ ಗುಂಡಿಗಳ ಪೆಟ್ಟಿಗೆಯಲ್ಲಿ ಬಚ್ಚಿಟ್ಟೆ, ಆಮೇಲೆ ಅಂಟು ಹಾಕಿದೆ. ಬಾಲದ ಮೇಲೆ ಕೂತ ವಿಮಾನ ಮನೆಯಲ್ಲಿದೆ ಅಂತ ಗೊತ್ತಾದರೆ ನಿಮಗೆ ಅಲ್ಲಿ ನಿದ್ದೆ ಬರುವುದಿಲ್ಲ. ನನಗೆ ಇಲ್ಲಿ ಬರುತ್ತಿಲ್ಲ. ಬನ್ನಿ.