ಫಿನ್‌ಲ್ಯಾಂಡಿನ ಹಾಡಿಗೆ ಹಚ್ಚಿದ ದೀಪ

ಬ್ರನೋ, ಆಗಸ್ಟ್ ೧೯೭೯

ಪ್ರೀತಿಯ ತಂಗಿ ಯಿತ್ಕಾ,

ಗೋಡೆಗೆ ಕಿವಿ, ಕಿಟಕಿಗೆ ಕಣ್ಣು ಎಂದೋ ಏನೋ ಅಪ್ಪ ಹೇಳುತ್ತಿದ್ದರಲ್ಲ, ಮೊನ್ನೆ ಅದು ನೆನಪಾಯಿತು. ನೀನು ಸರ್ಕಾರದ ಕಣ್ಣು ತಪ್ಪಿಸಿ ಗಡಿ ದಾಟಿದ ಮೇಲೆ ಈ ಮನೆಯಲ್ಲಿ ನಿನ್ನ ಹೆಸರೆತ್ತುವುದಿಲ್ಲ. ಆದರೆ ಟೀವಿಯಲ್ಲಿ, ದೇಶದೇಶಗಳ ಹಾಡಿನ ಸ್ಪರ್ಧೆಯಲ್ಲಿ ನೀನೇ ನಿಂತಿದ್ದೆ, ಫಿನ್‌ಲ್ಯಾಂಡಿನ ಪರವಾಗಿ, ಬೇರೆ ಹೆಸರಿನಲ್ಲಿ, ಬೇರೆ ಬಣ್ಣದ ಕೂದಲಿನಲ್ಲಿ.

ಸ್ಪರ್ಧೆಯ ಪದ್ಧತಿ ನಿನಗೆ ಗೊತ್ತು. ಹಾಡು ಮೆಚ್ಚಿದವರು ಮನೆಯ ದೀಪ ಹಚ್ಚಬೇಕು. ವಿದ್ಯುತ್ ಬಳಕೆ ಎಷ್ಟು ಏರಿತೆಂದು ನೋಡಿ ಮತ ಎಣಿಸುತ್ತಾರೆ. ನಮ್ಮ ದೇಶದ ಹಾಡಿಗೆ ಇಡೀ ವಠಾರ ಬೆಳಗಿತು. ನಿನ್ನ ಹಾಡಿಗೆ ಎಲ್ಲರೂ ದೀಪ ಆರಿಸಿದರು. ಆಗ ಅಮ್ಮ ಎದ್ದಳು. ನಾನು ಕೈ ಹಿಡಿದರೂ ಬಿಡಿಸಿಕೊಂಡು ಎಲ್ಲ ದೀಪ ಹಚ್ಚಿದಳು, ಇಸ್ತ್ರಿಪೆಟ್ಟಿಗೆಯನ್ನೂ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ವಠಾರದ ಮೇಲ್ವಿಚಾರಕ ಹ್ರೂಬೆಶ್ ನಮಗೆ ಎದುರಾದ.

"ಏನಮ್ಮಾ, ನಿನ್ನೆ ನಿಮ್ಮನೇಲಿ ಮದುವೆನಾ?"

"ಸೂಜಿ ಬಿದ್ದಿತ್ತಪ್ಪ, ಹುಡುಕ್ತಿದ್ದೆ."

"ಮೂರೂ ಕೋಣೇಲಿ ಬಿತ್ತಾ? ಸಿಕ್ತಾ ಮತ್ತೆ?"

"ಕಣ್ಣಿಗೆ ಬಿತ್ತು, ಕೈಗೆ ಸಿಗ್ಲಿಲ್ಲ," ಎಂದಳು ಅಮ್ಮ.

ಅವನು ಮತ್ತೇನೂ ಕೇಳಲಿಲ್ಲ. ನನಗೆ ಅದೇ ಭಯ, ಪೊಲೀಸರಿಗೆ ಹೇಳಿಬಿಟ್ಟಾನೆಂದು. ಅಂದಿನಿಂದ ಲಿಫ್ಟ್ ನಮ್ಮ ಮಹಡಿಯಲ್ಲಿ ನಿಂತಾಗಲೆಲ್ಲ ಊಟದ ಚಮಚ ಕೆಳಗಿಟ್ಟು ಕಾಯುತ್ತೇವೆ. ದಯವಿಟ್ಟು ಉತ್ತರ ಬರೆಯಬೇಡ. ಅಮ್ಮನ ಔಷಧಿ ಕಳಿಸಬೇಡ. ಈ ಪತ್ರ ತಂದವರ ಹೆಸರು ಕೇಳಬೇಡ. ಓದಿ ಸುಟ್ಟುಬಿಡು.

ಉತ್ತರ ಬೇಡವೆಂದೆ, ಆದರೂ ಅಮ್ಮ ದಿನಾ ಕೇಳುವುದನ್ನು ಬರೆಯದೆ ಇರಲಾರೆ: ನಮ್ಮ ಮನೆಯ ಬೆಳಕು ಅಲ್ಲಿ ನಿನ್ನ ಲೆಕ್ಕಕ್ಕೆ ಸೇರಿತೇ?

ನಿನ್ನ ಅಣ್ಣ,
ಓತಕರ್